ಸಂಪಾದಕರ ಉತ್ತರ: ಅಂಚೆಯ ಖರ್ಚನ್ನು ಯಾರು ಹೊರಬೇಕು?

ಓದುಗರ ಪತ್ರ: “ಅಂಚೆ ದರ ಏರಿತೆಂದು ಚಂದಾ ಏರಿಸಿದ್ದೀರಿ. ಈಗ ಪತ್ರ ಬರೆಯುವವರು ಯಾರಿದ್ದಾರೆ? ಅಂಚೆಯನ್ನು ಬಳಸುವವರೇ ಅದರ ಪೂರ್ತಿ ವೆಚ್ಚ ಕೊಡಲಿ. ಉಳಿದವರ ತೆರಿಗೆ ಹಣ ಅದಕ್ಕೇಕೆ? ಪತ್ರಿಕೆಯನ್ನು ಪಿಡಿಎಫ್ ಮಾಡಿ ಮೊಬೈಲಿಗೆ ಕಳಿಸಿದರೆ ನಿಮಗೂ ಉಳಿತಾಯ, ನಮಗೂ ಉಳಿತಾಯ.” (ಒಬ್ಬ ಹಳೆಯ ಚಂದಾದಾರರು)

ಮಾನ್ಯರೇ,

ನಿಮ್ಮ ಪತ್ರ ಖಾರವಾಗಿದ್ದರೂ ಅಕ್ಷರ ದುಂಡಗಿದೆ, ವಾದ ನೇರವಾಗಿದೆ, ಆರಿಸಿಕೊಂಡದ್ದು ಅದಕ್ಕಾಗಿಯೇ. ತೂಕಕ್ಕೆ ತಕ್ಕಷ್ಟು ಅಂಚೆ ಚೀಟಿ ಅಂಟಿಸದಿದ್ದುದರಿಂದ ಅದು ಬೇರಿಂಗ್ ಆಗಿ, ಅಂದರೆ ಪಡೆದವರೇ ಹಣ ತೆರಬೇಕಾದ ಪತ್ರವಾಗಿ ಬಂತು, ಕೊರತೆಯ ಹಣವನ್ನು ದಂಡ ಸಮೇತ ನಮ್ಮ ಕಚೇರಿ ತೆತ್ತಿತು ಎಂಬುದನ್ನು ದೂರೆಂದು ತಿಳಿಯಬೇಡಿ. ಬಳಸುವವರೇ ಪೂರ್ತಿ ವೆಚ್ಚ ಕೊಡಲಿ ಎನ್ನುವ ಪತ್ರವೇ ಹೀಗೆ ಬಂದದ್ದನ್ನು ಕಂಡು ಕಚೇರಿಯಲ್ಲಿ ಸ್ವಲ್ಪ ನಗು ಹರಡಿತು, ಅಷ್ಟೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಹತ್ತು ಪತ್ರಗಳಿರಲಿ, ಎರಡೇ ಇರಲಿ, ಬಟವಾಡೆಯವನು ಅದೇ ಬೀದಿಯನ್ನು ಪೂರ್ತಿ ಸುತ್ತಬೇಕು. ಪತ್ರಗಳು ಇಳಿದಂತೆ ಒಂದೊಂದರ ಮೇಲೆ ಬೀಳುವ ಖರ್ಚು ಏರುತ್ತದೆ, ಖರ್ಚು ಏರಿದಂತೆ ದರ ಏರುತ್ತದೆ, ದರ ಏರಿದಂತೆ ಇನ್ನಷ್ಟು ಜನ ಅಂಚೆ ಬಿಡುತ್ತಾರೆ. ಬ್ರಿಟನ್ನಿನಲ್ಲಿ 2020ರಲ್ಲಿ 76 ಪೆನ್ಸ್ ಇದ್ದ ಮೊದಲ ದರ್ಜೆಯ ಪತ್ರದ ಚೀಟಿ 2025ರ ಏಪ್ರಿಲ್ ಹೊತ್ತಿಗೆ 1 ಪೌಂಡ್ 70 ಪೆನ್ಸ್ ಆಯಿತು. ಡೆನ್ಮಾರ್ಕ್ ಅದಕ್ಕಿಂತ ಮುಂದೆ ಹೋಯಿತು. 1624ರಿಂದ ಪತ್ರ ಹಂಚುತ್ತಿದ್ದ ಅಲ್ಲಿನ ಅಂಚೆ ಸಂಸ್ಥೆ ಕೆಂಪು ಪೆಟ್ಟಿಗೆಗಳನ್ನು ಬೀದಿಗಳಿಂದ ಕಿತ್ತುಕೊಂಡು, 2025ರ ಡಿಸೆಂಬರಿನಲ್ಲಿ ಆ ಕೆಲಸವನ್ನೇ ನಿಲ್ಲಿಸಿತು. ಈ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ “ಬಳಸುವವರೇ ಪೂರ್ತಿ ಕೊಡಲಿ” ಎಂಬ ಪದ್ಧತಿಯನ್ನು ಜಗತ್ತು ಒಮ್ಮೆ ನಡೆಸಿ ನೋಡಿದೆ ಎಂಬುದನ್ನು ತಾವು ಮರೆತಂತಿದೆ. 1840ಕ್ಕೆ ಮುಂಚಿನ ಬ್ರಿಟನ್ನಿನಲ್ಲಿ ಪತ್ರದ ದರವನ್ನು ದೂರದ ಮೇಲೂ ಹಾಳೆಗಳ ಎಣಿಕೆಯ ಮೇಲೂ ಕಟ್ಟುತ್ತಿದ್ದರು, ಸಾಮಾನ್ಯವಾಗಿ ಹಣ ಕೊಡುತ್ತಿದ್ದವನು ಪತ್ರ ಪಡೆದವನು. ಜನ ಸುಮ್ಮನೆ ಕೂರಲಿಲ್ಲ. ಒಂದೇ ಹಾಳೆಯಲ್ಲಿ ಅಡ್ಡಲಾಗಿ ಬರೆದು, ಮತ್ತೆ ಅದರ ಮೇಲೆಯೇ ಉದ್ದಕ್ಕೆ ಬರೆದರು. ಪತ್ರಿಕೆಗಳಿಗೆ ಅಂಚೆ ಖರ್ಚಿಲ್ಲವೆಂದು ಹಳೆಯ ಪತ್ರಿಕೆಯಲ್ಲಿ ತಮಗೆ ಬೇಕಾದ ಅಕ್ಷರಗಳಿಗೆ ಸೂಜಿ ಚುಚ್ಚಿ ಸುದ್ದಿ ಮುಟ್ಟಿಸಿದರು. ಕವಿ ಕೋಲ್‌ರಿಜ್ ಹೇಳಿದ್ದೆಂದು ಅಂಚೆ ಸುಧಾರಕ ರೋಲಂಡ್ ಹಿಲ್ ದಾಖಲಿಸಿರುವ ಪ್ರಸಂಗವೊಂದಿದೆ. ಹೆಂಗಸೊಬ್ಬಳು ತನಗೆ ಬಂದ ಪತ್ರವನ್ನು ತಿರುಗಿಸಿ ನೋಡಿ, ಒಂದು ಶಿಲ್ಲಿಂಗ್ ಕೊಡುವ ಶಕ್ತಿಯಿಲ್ಲವೆಂದು ಮರಳಿಸುತ್ತಿದ್ದಳು. ಕವಿ ಕನಿಕರದಿಂದ ಹಣ ಕೊಟ್ಟು ಬಿಡಿಸಿಕೊಟ್ಟರು. ಅಂಚೆಯವನು ಮರೆಯಾದ ಮೇಲೆ ಅವಳು ತೆರೆದು ತೋರಿಸಿದ್ದು ಖಾಲಿ ಹಾಳೆ. ಅಣ್ಣ ಕ್ಷೇಮವಾಗಿರುವವರೆಗೆ ಹಾಗೆಯೇ ಕಳಿಸುತ್ತಿರಬೇಕೆಂದು ಇಬ್ಬರ ನಡುವೆ ಒಪ್ಪಂದವಾಗಿತ್ತು; ಮೇಲಿನ ವಿಳಾಸ ಕಂಡರೆ ಸಾಕು, ಸುದ್ದಿ ಮುಟ್ಟಿದಂತೆ. ಬಡವರ ಈ ಜಾಣತನಕ್ಕೆ ನಾನಂತೂ ತಲೆದೂಗುತ್ತೇನೆ.

1837ರಲ್ಲಿ ಪ್ರಕಟಿಸಿದ ತಮ್ಮ ಕಿರುಹೊತ್ತಗೆಯಲ್ಲಿ ಹಿಲ್ ಮಾಡಿದ ಲೆಕ್ಕ ಇಂದಿನವರೂ ಓದಬೇಕಾದ್ದು. ಲಂಡನ್ನಿನಿಂದ ಎಡಿನ್‌ಬರೊಗೆ ಒಂದು ಪತ್ರವನ್ನು ಸಾಗಿಸಲು ತಗಲುವ ನಿಜವಾದ ಖರ್ಚು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರ. ಉಳಿದ ಖರ್ಚೆಲ್ಲ ಪತ್ರವನ್ನು ಪಡೆಯುವ, ಅಳೆಯುವ, ಹಣ ವಸೂಲು ಮಾಡುವ ಕೆಲಸಗಳದ್ದು ಎಂದು ಅವರು ತೋರಿಸಿಕೊಟ್ಟರು. ದೂರವೆಂಬುದು ಅಷ್ಟು ಅಗ್ಗವಾಗಿರುವಾಗ ದೂರದವನಿಗೆ ಹೆಚ್ಚು ದರವೇಕೆ? ಎಲ್ಲಿಗಾದರೂ ಒಂದೇ ಪೆನ್ನಿ ಎಂಬ ನಿಯಮ 1840ರಲ್ಲಿ ಜಾರಿಗೆ ಬಂದಾಗ, ಹಿಂದಿನ ವರ್ಷ ಸುಮಾರು 7.6 ಕೋಟಿ ಇದ್ದ ಪತ್ರಗಳು 16.9 ಕೋಟಿಯ ಆಸುಪಾಸಿಗೆ ಏರಿದವು. ವರಮಾನ ಮೊದಲಿನ ಮಟ್ಟಕ್ಕೆ ಮರಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ನಿಜ. ಆದರೂ ಪೆನ್ನಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಅದಕ್ಕೂ ಮುಂಚೆ, 1792ರಲ್ಲಿ, ಅಮೆರಿಕದ ಅಂಚೆ ಕಾಯಿದೆ ಪತ್ರಿಕೆಯೊಂದನ್ನು ನೂರು ಮೈಲಿಯವರೆಗೆ ಒಂದು ಸೆಂಟಿಗೆ, ಅದಕ್ಕೂ ದೂರಕ್ಕೆ ಒಂದೂವರೆ ಸೆಂಟಿಗೆ ಸಾಗಿಸಿತು. ಸಂಪಾದಕರು ತಮ್ಮತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಪ್ರತಿಗಳಿಗೆ ಬಿಡಿಗಾಸನ್ನೂ ಕೇಳಲಿಲ್ಲ. ಈ ಸಾಲನ್ನು ಓದುವಾಗ ನನಗಾದ ಹೊಟ್ಟೆಕಿಚ್ಚನ್ನು ತಾವು ಊಹಿಸಿಕೊಳ್ಳಬಹುದು.

ಈಗ ನಮ್ಮ ಮೇಜಿನ ಬಳಿಗೆ ಬನ್ನಿ. ವಿಶೇಷ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಅಷ್ಟೇ ಪುಟದ ಖಾಲಿ ಮಾದರಿಯೊಂದನ್ನು ಹೊಲಿದು, ರ‍್ಯಾಪರ್ ಸುತ್ತಿ, ವಿಳಾಸದ ಚೀಟಿ ಅಂಟಿಸಿ ತಕ್ಕಡಿಯ ಮೇಲಿಡುತ್ತೇವೆ. ತೂಕದ ಹಂತವನ್ನು ಒಂದೆರಡು ಗ್ರಾಂ ಮೀರಿದರೂ ಪ್ರತಿಯೊಂದು ಪ್ರತಿಗೂ ಮುಂದಿನ ಹಂತದ ದರ ಬೀಳುತ್ತದೆ. ಆಗ ಮೊದಲು ರ‍್ಯಾಪರ್ ಕಾಗದ ತೆಳ್ಳಗಾಗುತ್ತದೆ, ಆಮೇಲೆ ಹೊದಿಕೆ, ಅದೂ ಸಾಲದಿದ್ದರೆ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಹೋಗುತ್ತದೆ, ಅದರೊಡನೆ ಹೊಸಬನೊಬ್ಬನ ಕಥೆಯೂ ಹೋಗುತ್ತದೆ. ಯಾವ ಬರಹ ಉಳಿಯಬೇಕೆಂದು ಸಂಪಾದಕನ ಬದಲು ತಕ್ಕಡಿ ತೀರ್ಮಾನಿಸುವ ಈ ಸ್ಥಿತಿ ಚಂದಾ ಹಣದ ರಸೀದಿಯಲ್ಲಿ ಕಾಣಿಸುವುದಿಲ್ಲ.

ಸಣ್ಣ ವ್ಯಾಪಾರಿಯ ಪಾಡು ಇನ್ನೂ ಬಿಗಿ. ಕೈಯಿಂದ ಮಾಡಿದ ಹಗುರ ವಸ್ತುವನ್ನು ಒಂದೊಂದಾಗಿ ಪಾರ್ಸೆಲ್ ಮಾಡುವವನು ಕೌಂಟರಿನಲ್ಲಿ ಕೇಳಿದ ದರವನ್ನು ಕೊಟ್ಟೇ ತೀರಬೇಕು. ಗಿರಾಕಿ ಸರಕನ್ನು ಮರಳಿಸಿದರೆ ಎರಡನೆಯ ಸಾಗಣೆಯ ಖರ್ಚೂ ಅವನ ತಲೆಗೇ. ದೊಡ್ಡ ಕಂಪನಿ ಲಕ್ಷಗಟ್ಟಲೆ ಪಾರ್ಸೆಲ್ಲುಗಳನ್ನು ತಾನೇ ವಿಂಗಡಿಸಿ ಒಪ್ಪಿಸಿ ರಿಯಾಯಿತಿ ಪಡೆಯುತ್ತದೆ, ಉಳಿದದ್ದನ್ನು ಸರಕಿನ ಬೆಲೆಯಲ್ಲಿ ಅಡಗಿಸಿ “ಉಚಿತ ಸಾಗಣೆ” ಎಂದು ಬೋರ್ಡು ಹಾಕುತ್ತದೆ. ದರ ಏರಿದಾಗ ಇಬ್ಬರಿಗೂ ಒಂದೇ ಪೆಟ್ಟು ಎನ್ನುವುದು ಶುದ್ಧ ಸುಳ್ಳು.

ಮನೆಗಳ ವಿಷಯದಲ್ಲಿಯೂ ಹಾಗೆಯೇ. ಅಂಚೆ ಬಿಡಲು ಸಾಧ್ಯವಿದ್ದವರು ಆಗಲೇ ಬಿಟ್ಟಾಗಿದೆ. ಉಳಿದಿರುವವರು ಮೊಬೈಲಿನ ಪುಟ್ಟ ಅಕ್ಷರ ಓದಲಾಗದ ಮುದುಕರು, ಸಂಪರ್ಕ ಸಿಗದ ಕಡೆಯ ಸಂಸಾರಗಳು, ಜೈಲಿನಲ್ಲಿರುವವರಿಗೆ ಪತ್ರ ಬರೆಯುವ ತಾಯಂದಿರು. ಅಂದರೆ ಏರಿದ ದರವನ್ನು ನಾವು ವಸೂಲು ಮಾಡುತ್ತಿರುವುದು ಬೇರೆ ದಾರಿಯಿಲ್ಲದವರಿಂದ. ಬಿಲ್ಲು, ನೋಟಿಸು, ಅರ್ಜಿಗಳನ್ನೆಲ್ಲ ಆನ್‌ಲೈನಿಗೆ ಒಯ್ದ ಕಚೇರಿಗಳು ಉಳಿತಾಯದ ಲೆಕ್ಕ ತೋರಿಸುತ್ತವೆ. ಅವನ್ನು ಅಂಗಡಿಯಲ್ಲಿ ಕಾಸು ಕೊಟ್ಟು ಮುದ್ರಿಸಿಕೊಳ್ಳುವವರ ಖರ್ಚು ಆ ಲೆಕ್ಕದಲ್ಲಿ ಇರುವುದಿಲ್ಲ. ರಸ್ತೆ ಲಾಭ ತಂದಿತೇ, ಗ್ರಂಥಾಲಯ ಲಾಭ ತಂದಿತೇ ಎಂದೂ ನಾಳೆ ಕೇಳುವವರಿದ್ದಾರೆ, ನೋಡುತ್ತಿರಿ. ತಮ್ಮಂಥ ಓದಿಕೊಂಡವರು ಆ ಸಾಲಿಗೆ ಸೇರಬಾರದಿತ್ತು.

ಪಿಡಿಎಫ್ ಬೇಕೆಂದವರಿಗೆ ಮುಂದಿನ ಸಂಚಿಕೆಯಿಂದ ಕಡಿಮೆ ಚಂದಾಕ್ಕೆ ಕಳಿಸುತ್ತೇವೆ; ತಾವು ಒಂದು ಕಾರ್ಡು ಬರೆದರೆ ಹೆಸರನ್ನು ಆ ಪಟ್ಟಿಗೆ ಸೇರಿಸುತ್ತೇವೆ. ಅಚ್ಚಿನ ಪ್ರತಿ ನಿಲ್ಲುವುದಿಲ್ಲ. ಅದರ ದರ ದೂರದ ಚಂದಾದಾರರಿಗೂ ಹತ್ತಿರದವರಿಗೂ ಒಂದೇ ಆಗಿರುತ್ತದೆ.

— ಸಂಪಾದಕ