ಪಂಪ್‌ಸೆಟ್ಟಿಗೆ ಮೀಟರ್ ಹಾಕಿದರೆ ಅಂತರ್ಜಲ ಉಳಿಯುತ್ತದೆಯೇ?

ರೈತರಿಗೆ ಪುಕ್ಕಟೆ ಕರೆಂಟು ನಿಲ್ಲಿಸಿ ಮೀಟರ್ ಹಾಕಿದರೆ ಅಂತರ್ಜಲ ಉಳಿಯುತ್ತದಲ್ಲವೇ ಎಂದು ಕೇಳಿದ್ದೀರಿ. ಮೀಟರ್ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಬರೀ ಬಿಲ್ಲಿನಿಂದ ನೀರು ಉಳಿಯುವುದಿಲ್ಲ. ಕೋಲಾರದ ರೈತರ ಮನೆಯವನಾಗಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಎರಡು ಬೋರು ಬತ್ತಿದ ಮೇಲೆ ಒಡವೆ ಅಡವಿಟ್ಟು ಮೂರನೆಯದನ್ನು 1,200 ಅಡಿಗೆ ಕೊರೆಸಿದೆವು. ರಾತ್ರಿಯಿಡೀ ಬಿಳಿ ಕಲ್ಲುಪುಡಿ ಹಾರುತ್ತಲೇ ಇತ್ತು. ಬೆಳಗಿನ ಜಾವ ಪುಡಿ ಒದ್ದೆಯಾಗಿ ಬಂದಾಗ ಅಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಒಂದೂವರೆ ಇಂಚು ನೀರು. ಆರು ತಿಂಗಳಿಗೆ ಪಕ್ಕದ ಹೊಲದವರು ಇನ್ನೂ ಆಳಕ್ಕೆ ಇಳಿಸಿದರು, ನಮ್ಮದು ಮುಕ್ಕಾಲು ಇಂಚಿಗೆ ಬಂತು. ಅವರನ್ನು ಬೈಯಲು ನಮಗೆ ಬಾಯಿಲ್ಲ. ನಮ್ಮ ಮೊದಲ ಬೋರು ಅವರ ತೆರೆದ ಬಾವಿಯನ್ನು ಒಣಗಿಸಿತ್ತು.

1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ನೆಲದ ಒಡೆಯನಿಗೇ ಅದರಡಿಯ ನೀರೆತ್ತುವ ಹಕ್ಕು. ಹೊಲಕ್ಕೆ ಬದುವಿದೆ, ನೀರಿಗಿಲ್ಲ. ಇವತ್ತು ನಾನು ಎತ್ತದೆ ಬಿಟ್ಟದ್ದು ನಾಳೆ ಪಕ್ಕದವರ ಪಂಪಿನಲ್ಲಿ ಬರುತ್ತದೆ, ಹಾಗಿರುವಾಗ ಯಾರು ಬಿಡುತ್ತಾರೆ? ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಮೋಟರ್ ತಾನಾಗಿ ಓಡಲಿ ಎಂದು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಬಿಲ್ಲು ಬಂದರೆ ಈ ಪೋಲು ತಗ್ಗೀತು, ನಿಜ. ಆದರೆ ಟೊಮೆಟೊಗೆ ರೇಟು ಏರಿದ ವರ್ಷ ಯಾವ ಬಿಲ್ಲೂ ಯಾರನ್ನೂ ತಡೆಯುವುದಿಲ್ಲ. ರೇಟು ಬಿದ್ದ ವರ್ಷ ಬಿಲ್ಲು ಕಟ್ಟಲಾಗದೆ ಮೊದಲು ಕೈಚೆಲ್ಲುವವನು ಎರಡೆಕರೆಯ ರೈತ.

ಕೆರೆಯ ಕಾಲದಲ್ಲಿ ನೀರಗಂಟಿ ಇದ್ದ. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ, ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆಯುತ್ತಿದ್ದರು. ಬಳಸುವವರೇ ಕಟ್ಟಿಕೊಂಡ ಇಂಥ ಕಟ್ಟಳೆಗಳು ಎಲ್ಲರ ಸ್ವತ್ತನ್ನು ಉಳಿಸಬಲ್ಲವು ಎಂದು ತೋರಿಸಿದ್ದಕ್ಕೇ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಕೆರೆಯ ಮಟ್ಟ ಊರಿಗೆಲ್ಲ ಕಾಣುತ್ತಿತ್ತು, ಬೋರಿನದು ಕಾಣುವುದಿಲ್ಲ. ಮಹಾರಾಷ್ಟ್ರದ ಹಿವ್ರೆ ಬಜಾರ್ ಎಂಬ ಹಳ್ಳಿಯವರು ಗೆದ್ದಿರುವುದು ಇಲ್ಲೇ. ವರ್ಷವರ್ಷ ಮಳೆ ಅಳೆದು, ನೀರಿನ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟು, ಆಮೇಲೆ ಯಾವ ಬೆಳೆ ಎಂದು ತೀರ್ಮಾನಿಸುತ್ತಾರೆ. ಕೃಷಿಗೆ ಬೋರು ಕೊರೆಸುವುದನ್ನು ಅವರೇ ನಿಷೇಧಿಸಿಕೊಂಡಿದ್ದಾರೆ.

ಅಂಥ ಲೆಕ್ಕದ ಜೊತೆಗೆ ಮೀಟರ್ ತನ್ನಿ, ನಮ್ಮೂರಿನವರನ್ನು ಒಪ್ಪಿಸಲು ನಾನೇ ಮನೆಮನೆಗೆ ಹೋಗುತ್ತೇನೆ. ಸದ್ಯಕ್ಕಂತೂ ಊರಲ್ಲಿ ಎಷ್ಟು ಬೋರುಗಳಿವೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ.