ಬಿದ್ದದ್ದು ಎಷ್ಟನೇ ನಿಮಿಷಕ್ಕೆ, ಅದನ್ನು ಮೊದಲು ಹೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಸಾಲು: "ವಿಡಿಯೊ ಹಾಕಿದರೆ ಪ್ಲೇಯರ್ ಬಂದ್ ಬೀಳುತ್ತದೆ, ಏನು ಮಾಡಲಿ?" ಮುಂಬಯಿಯಲ್ಲಿ ನಾವು ಎಲ್ಲದಕ್ಕೂ "ಬಂದ್ ಬಿತ್ತು" ಅನ್ನುತ್ತೇವೆ. ಲಿಫ್ಟೂ ಬಂದ್ ಬೀಳುತ್ತದೆ, ಲೋಕಲ್ಲೂ ಬಂದ್ ಬೀಳುತ್ತದೆ. ಆದರೆ ಪ್ಲೇಯರಿನ ಕಿಟಕಿ ಒಮ್ಮೆಲೇ ಮಾಯವಾಗುವುದು ಬೇರೆ, ಚಿತ್ರ ನಿಂತು ಹಾಡು ಮಾತ್ರ ಮುಂದುವರಿಯುವುದು ಬೇರೆ, ಇಡೀ ಕಂಪ್ಯೂಟರೇ ಆರಿ ಹೋಗುವುದು ಬೇರೆ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಇದನ್ನು ಹೇಳದೆ ಬರೆದವರಿಗೆ ನಾನು ಉತ್ತರಿಸಿಲ್ಲ. ರೀಸ್ಟಾರ್ಟ್ ಮಾಡಿ ನೋಡಿ, ಪ್ಲೇಯರಿನ ಹೊಸ ಆವೃತ್ತಿ ಹಾಕಿ ಎಂಬ ಮಾತುಗಳನ್ನೂ ಇಲ್ಲಿ ಹುಡುಕಬೇಡಿ. ಅಷ್ಟು ಮಾಡಿಯೇ ಬಂದಿದ್ದೀರಿ ಎಂದುಕೊಳ್ಳುತ್ತೇನೆ.

ನಮ್ಮದು 2011ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ಕೋರ್ 2 ಡ್ಯುಯೊ, 2 ಜಿಬಿ ರ್‍ಯಾಮ್, ವಿಂಡೋಸ್ 7. ಹಳೆಯ ಯಕ್ಷಗಾನದ ವಿಸಿಡಿಗಳು ರಾತ್ರಿಯಿಡೀ ಓಡುತ್ತವೆ. ಮಗ ಊರಿನ ಮದುವೆಯ ವಿಡಿಯೊ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದಾನೆ. ಅದನ್ನು ಹಾಕಿದರೆ ಚಿತ್ರ ತಡೆತಡೆದು ಬಂದು ಅರ್ಧ ನಿಮಿಷದೊಳಗೆ ವಿಎಲ್‌ಸಿ ಪ್ಲೇಯರ್ ಮಾಯ. ಅದೇ ಮದುವೆಯದ್ದು ವಾಟ್ಸಾಪ್‌ನಲ್ಲಿ ಬಂದದ್ದು ಮಾತ್ರ ಸರಿಯಾಗಿ ಓಡುತ್ತದೆ. ಅಂಗಡಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿದರು, ಕೋಡೆಕ್ ಪ್ಯಾಕ್ (ವಿಡಿಯೊ ಬಿಚ್ಚುವ ತಂತ್ರಾಂಶಗಳ ಕಟ್ಟು) ಹಾಕಿದರು. ಈಗ ಮದರ್‌ಬೋರ್ಡ್ ಹೋಗಿದೆ ಅನ್ನುತ್ತಿದ್ದಾರೆ. ಬದಲಿಸಬೇಕೇ?
— ಒಬ್ಬ ನಿವೃತ್ತರು, ಡೊಂಬಿವಲಿ

ಮದರ್‌ಬೋರ್ಡ್ ಹೋಗಿಲ್ಲ. ಹೋಗಿದ್ದರೆ ರಾತ್ರಿಯಿಡೀ ಆಟ ನೋಡಲು ಅದು ನಿಮ್ಮನ್ನು ಬಿಡುತ್ತಿತ್ತೇ? ನಿಮ್ಮ ಪತ್ರದಲ್ಲೇ ಉತ್ತರ ಉಂಟು, ಅಂಗಡಿಯವರು ಕೇಳಿಸಿಕೊಂಡಿಲ್ಲ ಅಷ್ಟೆ. ವಾಟ್ಸಾಪ್‌ನದ್ದು ಓಡುತ್ತದೆ, ಪೆನ್‌ಡ್ರೈವಿನದ್ದು ಬೀಳುತ್ತದೆ ಎಂದಿರಲ್ಲ, ಆ ಒಂದು ಮಾತಿಗೆ ನಾನು ನಿಮಗೆ ಚಹಾ ಕುಡಿಸಬೇಕು.

ವಾಟ್ಸಾಪ್ ವಿಡಿಯೊ ಕಳಿಸುವಾಗ ಅದನ್ನು ಕುಗ್ಗಿಸಿ, ವಿಡಿಯೊ ಒತ್ತಿ ಕಟ್ಟಿಡುವ ಎಚ್.264 ಎಂಬ ಹಳೆಯ ಕ್ರಮದಲ್ಲಿ ಮತ್ತೆ ಕಟ್ಟಿ ಕಳಿಸುತ್ತದೆ. ಪೆನ್‌ಡ್ರೈವಿನಲ್ಲಿರುವುದು ಫೋನು ತೆಗೆದದ್ದು ತೆಗೆದ ಹಾಗೆಯೇ. ಈಗಿನ ಎಷ್ಟೋ ಫೋನುಗಳು ಎಚ್.265 ಕ್ರಮದಲ್ಲಿ, ಅದರಲ್ಲೂ 4ಕೆ ಅಳತೆಯಲ್ಲಿ ಚಿತ್ರ ತೆಗೆಯುತ್ತವೆ. ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ. ನಿಮ್ಮ ಕಂಪ್ಯೂಟರ್ 2011ರದ್ದು. ಎಚ್.265 ಬಿಚ್ಚುವ ಸ್ವಂತ ವ್ಯವಸ್ಥೆ ಇಂಟೆಲ್ ಪ್ರೊಸೆಸರುಗಳ ಒಳಗೇ ಸರಿಯಾಗಿ ಬಂದದ್ದು 2015ರ ಆರನೇ ತಲೆಮಾರಿನಲ್ಲಿ. ನಿಮ್ಮದರಲ್ಲಿ ಇಡೀ ಹೊರೆ ಆ ಎರಡು ಕೋರುಗಳ ತಲೆಯ ಮೇಲೆ.

ಹೊರೆ ಎಷ್ಟೆಂದರೆ, ಲೆಕ್ಕ ಹಾಕಿ ನೋಡಿ. ವಿಸಿಡಿಯ ಒಂದು ಚಿತ್ರ 352 ಚುಕ್ಕೆ ಅಡ್ಡ, 288 ಚುಕ್ಕೆ ಉದ್ದ. ಬಿಚ್ಚಿಟ್ಟರೆ ಸುಮಾರು 150 ಕೆಬಿ. 4ಕೆಯ ಒಂದು ಚಿತ್ರ 3840 ಅಡ್ಡ, 2160 ಉದ್ದ. ಬಿಚ್ಚಿಟ್ಟರೆ 12 ಎಂಬಿ ದಾಟುತ್ತದೆ, 80 ಪಟ್ಟಿಗೂ ಹೆಚ್ಚು. ಪ್ಲೇಯರ್ ಒಂದೇ ಚಿತ್ರವನ್ನು ಕೈಯಲ್ಲಿ ಹಿಡಿದು ಕೂರುವುದಿಲ್ಲ. ಹಿಂದಿನ ಕೆಲವು, ಮುಂದಿನ ಕೆಲವು ಚಿತ್ರಗಳನ್ನು ಒಟ್ಟಿಗೆ ರ್‍ಯಾಮಿನಲ್ಲಿ ಹರಡಿಕೊಂಡಿರುತ್ತದೆ. ನಿಮ್ಮ 2 ಜಿಬಿಯಲ್ಲಿ ವಿಂಡೋಸು, ಆಂಟಿವೈರಸ್ಸು, ತೆರೆದಿಟ್ಟ ಬ್ರೌಸರು ತಿಂದು ಉಳಿದದ್ದೆಷ್ಟು? ಯಕ್ಷಗಾನ ಓಡುವುದಕ್ಕೂ ಮದುವೆ ಬೀಳುವುದಕ್ಕೂ ಇಷ್ಟೇ ವ್ಯತ್ಯಾಸ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ವಿಡಿಯೊ ಹಾಕಿ, ಬೀಳುವ ಮೊದಲು ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಬರುವ ಪಟ್ಟಿಯಲ್ಲಿ ಕೋಡೆಕ್ ಎಂಬಲ್ಲಿ "ಎಚ್‌ಇವಿಸಿ" ಎಂದಿದ್ದರೆ ಅದೇ ಎಚ್.265. ಕೆಳಗೆ ಅಳತೆಯೂ ಕಾಣುತ್ತದೆ.

ಅದು ಹೌದೆಂದಾದರೆ ಕಂಪ್ಯೂಟರಿಗೆ ಒಂದು ರೂಪಾಯಿ ಸುರಿಯಬೇಡಿ, ಫೈಲನ್ನು ಬದಲಿಸಿ. ಮಗನ ಲ್ಯಾಪ್‌ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಹಾಕಿಸಿ, "ಫಾಸ್ಟ್ 720ಪಿ30" ಎಂಬ ಸಿದ್ಧ ಆಯ್ಕೆಯಲ್ಲಿ ಮದುವೆಯನ್ನು ಎಚ್.264ಕ್ಕೆ ಇಳಿಸಿಕೊಳ್ಳಲಿ. ನಿಮ್ಮ ಕಂಪ್ಯೂಟರಿನಲ್ಲೇ ಆ ಕೆಲಸಕ್ಕೆ ಕೂತರೆ ಮೊಮ್ಮಗನ ಮದುವೆಗೆ ಮುಗಿದೀತು. ಮೂಲ ಫೈಲನ್ನು ಅಳಿಸಬೇಡಿ, ಅದು ಪೆನ್‌ಡ್ರೈವಿನಲ್ಲಿ ಹಾಗೇ ಇರಲಿ. ಮಗನದು ಐಫೋನ್ ಆದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಎಂದು ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಲಿ. ಮುಂದಿನ ಮದುವೆಯಿಂದ ಎಚ್.265ರ ತಲೆನೋವಿಲ್ಲ. 4ಕೆ ಅಳತೆ ಮಾತ್ರ ಅದರಿಂದ ತಾನಾಗಿ ಇಳಿಯುವುದಿಲ್ಲ. ಈಗಾಗಲೇ ತೆಗೆದದ್ದು ಅದರಿಂದ ಬದಲಾಗುವುದಿಲ್ಲ.

ಪಟ್ಟಿಯಲ್ಲಿ ಎಚ್.264 ಎಂದೇ ಇದ್ದು, ಆದರೂ ಬೀಳುತ್ತದೆ ಎಂದಾದರೆ ಅನುಮಾನ ಗ್ರಾಫಿಕ್ಸ್ ಡ್ರೈವರಿನ ಮೇಲೆ, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶದ ಮೇಲೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ, ಇನ್‌ಪುಟ್ ಕೋಡೆಕ್ಸ್ ಎಂಬಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ನಿನ ಸಾಲನ್ನು "ಡಿಸೇಬಲ್" ಮಾಡಿ, ಸೇವ್ ಮಾಡಿ, ಪ್ಲೇಯರ್ ಮುಚ್ಚಿ ತೆರೆಯಿರಿ. ಆಗಲೂ ಬಿದ್ದರೆ ಅದೇ ಕಿಟಕಿಯ ವಿಡಿಯೊ ವಿಭಾಗದಲ್ಲಿ ಔಟ್‌ಪುಟ್ಟನ್ನು "ಡೈರೆಕ್ಟ್3ಡಿ9" ಎಂದು ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತೆಂದು ನನಗೂ ಗೊತ್ತಾಗುವುದಿಲ್ಲ, ನಿಮಗೂ ಇಲ್ಲ.

ಇನ್ನು ಆ ಕೋಡೆಕ್ ಪ್ಯಾಕ್. ವಿಎಲ್‌ಸಿಗೆ ಬೇಕಾದ ಕೋಡೆಕ್‌ಗಳೆಲ್ಲ ಅದರ ಹೊಟ್ಟೆಯೊಳಗೇ ಇವೆ, ಹೊರಗಿನದನ್ನು ಅದು ಮೂಸಿಯೂ ನೋಡುವುದಿಲ್ಲ. ವಿಎಲ್‌ಸಿ ಬೀಳುತ್ತದೆಂದು ಕೋಡೆಕ್ ಪ್ಯಾಕ್ ಹಾಕುವವನಿಗೆ ಕೆಲಸ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬಿಲ್ಲಿಗಾಗಿ ಹಾಕುತ್ತಾನೆ. ವಿಂಡೋಸ್ ಮೀಡಿಯಾ ಪ್ಲೇಯರ್ ಹೊರಗಿನ ಕೋಡೆಕ್ ಬಳಸುತ್ತದೆ, ನಿಜ. ಆದರೆ ಎರಡು ಮೂರು ಪ್ಯಾಕ್ ಒಂದರ ಮೇಲೊಂದು ಹಾಕಿದ ಕಂಪ್ಯೂಟರಿನಲ್ಲಿ ಅದು ಬೀಳುವುದೇ ಹೆಚ್ಚು. ತೆಗೆದುಹಾಕಿ.

ಫಾರ್ಮ್ಯಾಟ್ ಬಗ್ಗೆ ನನಗೆ ಸ್ವಂತ ಹೆದರಿಕೆ ಉಂಟು. 2009ರಲ್ಲಿ, ಇನ್ನೂ ಕೈ ಪಳಗುತ್ತಿದ್ದ ದಿನಗಳಲ್ಲಿ, ಪರಿಚಯದವರೊಬ್ಬರ ಕಂಪ್ಯೂಟರನ್ನು "ಸಿ ಡ್ರೈವ್ ಮಾತ್ರ" ಎಂದು ಹೇಳಿ ಫಾರ್ಮ್ಯಾಟ್ ಮಾಡಿದೆ. ಮಗನ ಉಪನಯನದ ಫೋಟೊಗಳು ಡೆಸ್ಕ್‌ಟಾಪಿನ ಒಂದು ಫೋಲ್ಡರಿನಲ್ಲಿದ್ದವು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ. ಆ ಮನೆಯವರು ಏನೂ ಅನ್ನಲಿಲ್ಲ, ಊಟ ಹಾಕಿ ಕಳಿಸಿದರು. ಅಂದಿನಿಂದ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡದೆ ಯಾರ ಯಂತ್ರವನ್ನೂ ನಾನು ಮುಟ್ಟುವುದಿಲ್ಲ. ನೀವೂ ಮುಟ್ಟಲು ಬಿಡಬೇಡಿ. ಒಂದೇ ಫೈಲ್ ಬೀಳುವುದಕ್ಕೆ ಫಾರ್ಮ್ಯಾಟ್ ಮದ್ದಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಆದದ್ದು ನೋಡಿಲ್ಲ.

ನಿಮ್ಮಂತೆ ಸುಳಿವು ಕೊಡದ ಉಳಿದವರಿಗೆ: ಎಷ್ಟನೇ ನಿಮಿಷಕ್ಕೆ ಬೀಳುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಮೂರು ಸಲ ಹಾಕಿ ಮೂರೂ ಸಲ ಭಾಗವತರು ಅದೇ ಪದ ಎತ್ತುವಾಗಲೇ ಬಿದ್ದರೆ ತಪ್ಪು ಫೈಲಿನದು, ಇಲ್ಲವೇ ಆ ಫೈಲ್ ಕೂತ ಡಿಸ್ಕಿನದು. ಬೇರೊಂದು ಕಂಪ್ಯೂಟರಿಗೆ ನಕಲು ಮಾಡಿ ನೋಡಿ. ನಕಲು ಮಾಡುವಾಗಲೇ ಅದೇ ಜಾಗದಲ್ಲಿ ತಡವರಿಸಿದರೆ ಡಿಸ್ಕು ಸಾಯುತ್ತಿದೆ, ಬೇರೆಲ್ಲ ಬಿಟ್ಟು ಮೊದಲು ಉಳಿದದ್ದನ್ನು ಹೊರಗೆ ತೆಗೆಯಿರಿ. ತೆರೆದ ಕೂಡಲೇ, ಯಾವ ಫೈಲಾದರೂ ಬಿದ್ದರೆ ಪ್ಲೇಯರಿನ ಸೆಟ್ಟಿಂಗು ಅಥವಾ ಡ್ರೈವರು. ಪೂರ್ತಿ ಪರದೆಗೆ ಹಿಗ್ಗಿಸಿದಾಗ ಮಾತ್ರ ಬಿದ್ದರೆ ಡ್ರೈವರೇ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಇಡೀ ಕಂಪ್ಯೂಟರ್ ಆರಿದರೆ ಬಿಸಿ: ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಹತ್ತಿಯ ಹಾಸಿಗೆಯಂತೆ ಧೂಳು ಕೂತಿರುತ್ತದೆ. ಒಮ್ಮೊಮ್ಮೆ ಒಂದೊಂದು ಕಡೆ, ಬ್ರೌಸರೂ ಬಿದ್ದು ವರ್ಡೂ ಬಿದ್ದರೆ ರ್‍ಯಾಮ್. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಊರಿನ ಗಾಳಿಯಲ್ಲಿ ರ್‍ಯಾಮಿನ ಹಲ್ಲುಗಳಿಗೆ ಮಬ್ಬು ಹಿಡಿಯುತ್ತದೆ. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ಕೂರಿಸಿ. ಮರಳುಕಾಗದ ಹಿಡಿದು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ.

ವಿಂಡೋಸ್ ತಾನೇ ಬರೆದಿಟ್ಟ ದಿನಚರಿಯೂ ಉಂಟು, ಅಂಗಡಿಯವರು ತೆರೆಯುವುದೇ ಇಲ್ಲ. ಸ್ಟಾರ್ಟಿನಲ್ಲಿ "ಇವೆಂಟ್ ವ್ಯೂವರ್" ಹುಡುಕಿ, ವಿಂಡೋಸ್ ಲಾಗ್ಸ್, ಅಪ್ಲಿಕೇಶನ್. ಕೆಂಪು ಗುರುತಿನ, 1000 ಸಂಖ್ಯೆಯ ಸಾಲು ತೆರೆದರೆ "ಫಾಲ್ಟಿಂಗ್ ಮಾಡ್ಯೂಲ್" ಎಂದು ಒಂದು ಹೆಸರಿರುತ್ತದೆ. ಹೆಸರು ಐ-ಜಿ-ಡಿ ಎಂದು ಶುರುವಾದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರು, ಎನ್-ವಿ ಎಂದಾದರೆ ಎನ್‌ವಿಡಿಯಾದ್ದು, ಎ-ಟಿ-ಐ ಎಂದಾದರೆ ಎಎಂಡಿಯದ್ದು. ಎನ್-ಟಿ-ಡಿ-ಎಲ್-ಎಲ್ ಎಂದಿದ್ದರೆ ಅದು ವಿಂಡೋಸಿನ ಸ್ವಂತ ಫೈಲು, ಅದನ್ನು ದೂರಬೇಡಿ. ಬೇರೆ ಯಾರದೋ ತಪ್ಪು ಎಷ್ಟೋ ಸಲ ಅದರ ಬಾಗಿಲಲ್ಲಿ ಬಂದು ಬೀಳುತ್ತದೆ. ಆ ಪುಟದ ಫೋಟೊ ತೆಗೆದು ಕಳಿಸಿ, ಎರಡು ಪುಟದ ಪತ್ರ ಬೇಡ.

ಕಂಪ್ಯೂಟರ್ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಹಾಕಿದರೆ ಪ್ಲೇಯರ್ ಬೀಳುವುದು ನಿಲ್ಲುತ್ತದೆಯೇ? — ಕೋಥ್ರುಡ್, ಪುಣೆ

ನಿಲ್ಲುವುದಿಲ್ಲ. "ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ" ಎಂದು ಹೆದರಿಸಿ ದುಡ್ಡು ಕೇಳುವುದೇ ಅವುಗಳ ಕಸುಬು. ಡ್ರೈವರ್ ಬೇಕಾದರೆ ಬೋರ್ಡ್ ಅಥವಾ ಗ್ರಾಫಿಕ್ಸ್ ಕಂಪನಿಯ ತಾಣಕ್ಕೆ ಹೋಗಿ.

ವಿಎಲ್‌ಸಿ ಹಾಕಿದ ಮೇಲೆ ಬ್ರೌಸರಿನಲ್ಲಿ ಬರೀ ಜಾಹೀರಾತು. ವಿಎಲ್‌ಸಿಯಲ್ಲೇ ವೈರಸ್ ಉಂಟಂತೆ? — ಮೀರಾ ರೋಡ್

ನೀವು ಹಾಕಿದ್ದು ವಿಎಲ್‌ಸಿಯೋ, ಅದರ ವೇಷ ಹಾಕಿದ್ದೋ? ಪ್ಯಾರಿಸ್ಸಿನ ಕಾಲೇಜೊಂದರ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸ ಅದು. ಇಂದಿಗೂ ಉಚಿತ, ಜಾಹೀರಾತಿಲ್ಲ. 2022ರಲ್ಲಿ ಕೆಲವು ತಿಂಗಳು ಅದರ ಅಸಲಿ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ, ನವೆಂಬರಿನಲ್ಲಿ ನಿರ್ಬಂಧ ತೆರವಾಯಿತು. ಆ ಹೊತ್ತಿನಲ್ಲಿ ಕಂಡಕಂಡಲ್ಲಿಂದ ಇಳಿಸಿಕೊಂಡವರ ಕಂಪ್ಯೂಟರುಗಳನ್ನು ನಾನು ಇನ್ನೂ ತೊಳೆಯುತ್ತಿದ್ದೇನೆ. ಈಗಿರುವುದನ್ನು ತೆಗೆದು, ವಿಡಿಯೋಲ್ಯಾನ್ ಡಾಟ್ ಆರ್ಗ್‌ನಿಂದ ಮಾತ್ರ ಹಾಕಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ವಿಂಡೋಸ್ 7 ಇಟ್ಟುಕೊಳ್ಳಬಹುದೇ? — ಚೆಂಬೂರು

ವಿಡಿಯೊ ನೋಡಲು ಧಾರಾಳ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಹಾಗಾಗಿ ಇಂಟರ್‌ನೆಟ್ ತಂತಿ ಕಿತ್ತಿಡಿ. ಬ್ಯಾಂಕಿನ ಪಾಸ್‌ವರ್ಡನ್ನು ಆ ಕೀಬೋರ್ಡಿನಲ್ಲಿ ಒತ್ತುವವರ ಜೊತೆ ನಾನು ವಾದ ಮಾಡುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ. ತರಲೇ? — ಭಾಂಡುಪ್

ನಿಮ್ಮ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ) ಎಷ್ಟು ವ್ಯಾಟಿನದು, ಯಾವ ಕಂಪನಿಯದು ಎಂದು ಬರೆದಿಲ್ಲ. ಕಾರ್ಡಿಗೂ ಕರೆಂಟು ಅದೇ ಕೊಡಬೇಕು. ಅದು ಗೊತ್ತಿಲ್ಲದೆ ಅಲ್ಲಿಗೆ ಹೋಗಲು ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಟಿಕೆಟ್ ತೆಗೆಯಬೇಡಿ.

ವಿಎಲ್‌ಸಿಯಲ್ಲಿ ದನಿಯನ್ನು ನೂರರ ಮೇಲೆ, 125ಕ್ಕೆ ಏರಿಸಿದರೆ ಕಂಪ್ಯೂಟರ್ ಬಂದ್ ಬೀಳುತ್ತದೆ ಎಂದು ಅಳಿಯ ಹೇಳುತ್ತಾನೆ. ಹೌದೇ? — ಫೋಂಡಾ, ಗೋವಾ

ಇಲ್ಲ. ಸ್ಪೀಕರಿನ ದನಿ ಒಡೆಯುತ್ತದೆ, ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಅಳಿಯನಿಗೆ ನಿದ್ದೆ ಬೇಕಾಗಿರಬೇಕು.