ಆಫೀಸಿನ ಈಮೇಲ್‌ನಲ್ಲಿ 'ಲಗತ್ತಿಸಲಾಗಿದೆ' ಸರಿಯೋ, 'ಲಗತ್ತಿಸಿದ್ದೇನೆ' ಸರಿಯೋ?

ನೀವು ಕೇಳಿರುವುದು ಎರಡು: ಇಂಗ್ಲಿಷ್ ಮೇಲ್‌ನಲ್ಲಿ 'ಪ್ಲೀಸ್ ಫೈಂಡ್ ಅಟ್ಯಾಚ್ಡ್' ಎಂದರೆ ತಪ್ಪೇ, ಕನ್ನಡದಲ್ಲಿ ಅದನ್ನೇ ಹೇಗೆ ಬರೆಯುವುದು.

ಇಂಗ್ಲಿಷಿನದು ತಪ್ಪಲ್ಲ, ಕಾಗದಪತ್ರದ ಕಾಲದ ಧಾಟಿ ಅಷ್ಟೇ. 'ಐ ಹ್ಯಾವ್ ಅಟ್ಯಾಚ್ಡ್ ದಿ ಇನ್‌ವಾಯ್ಸ್' ಅಂದರೆ ನೇರವಾಗಿರುತ್ತದೆ. 'ಎನ್‌ಕ್ಲೋಸ್ಡ್' ಎನ್ನುವುದು ಲಕೋಟೆಯೊಳಗೆ ಇಟ್ಟ ಕಾಗದಕ್ಕೆ ಒಪ್ಪುವ ಮಾತು. 'ಪ್ಲೀಸ್ ಫೈಂಡ್ ಅಟ್ಯಾಚ್ಡ್' ಅನ್ನು ಮೊಟಕು ಮಾಡಿದ 'ಪಿಎಫ್‌ಎ' ಸಹೋದ್ಯೋಗಿಗೆ ನಡೆಯುತ್ತದೆ, ಹೊರಗಿನ ಗ್ರಾಹಕರಿಗೆ ಬೇಡ.

ನಿಜವಾದ ತೊಡಕು ಕನ್ನಡದ್ದು. 'ದಯವಿಟ್ಟು ಲಗತ್ತನ್ನು ಕಂಡುಕೊಳ್ಳಿ' ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ನಿಧಿ ಹುಡುಕಲು ಕಳಿಸಿದ ಹಾಗಿತ್ತು! ಕನ್ನಡಕ್ಕೆ ಅಲ್ಲಿ 'ಫೈಂಡ್' ಬೇಕೇ ಇಲ್ಲ. ಕಳಿಸಿದವರು ನೀವೇ ಆದಾಗ 'ಲಗತ್ತಿಸಿದ್ದೇನೆ' ಅನ್ನಿ, ಸಂಸ್ಥೆಯ ಪರವಾಗಿ ಬರೆಯುವಾಗ 'ಲಗತ್ತಿಸಿದ್ದೇವೆ'. 'ಲಗತ್ತಿಸಲಾಗಿದೆ' ವ್ಯಾಕರಣಕ್ಕೆ ಸರಿ, ಸರ್ಕಾರಿ ಪತ್ರಗಳಲ್ಲಿ ಅದೇ ರೂಢಿ. ಆದರೆ ಯಾರು ಮಾಡಿದ್ದೆಂದು ಹೇಳದ ಆ ಧಾಟಿ ದಿನದ ವ್ಯವಹಾರಕ್ಕೆ ಬಿಗಿಯೆನಿಸುತ್ತದೆ. 'ಅಡಕ' ಎಂಬ ಪದವೂ ಉಂಟು, ಅದು ಪತ್ರದ ಕೊನೆಯಲ್ಲಿ ದಾಖಲೆಗಳ ಪಟ್ಟಿ ಕೊಡುವಾಗ ಚೆನ್ನ. 'ಅಟ್ಯಾಚ್ ಮಾಡಿದ್ದೇನೆ' ಎಂದರೂ ಮಡಿವಂತಿಕೆ ಬೇಡ, ಎಲ್ಲರಿಗೂ ಅರ್ಥವಾಗುತ್ತದೆ.

ಕ್ರಿಯಾಪದಕ್ಕಿಂತ ನಾನು ಹೆಚ್ಚು ನೋಡುವುದು ಕಡತ ಯಾವುದೆಂದು ಮೇಲ್‌ನಲ್ಲಿ ಹೇಳಿದೆಯೇ ಎಂಬುದನ್ನು. 'ಫೈಲ್ ಲಗತ್ತಿಸಿದ್ದೇನೆ' ಅಂದರೆ ಓದುವವರು ತೆರೆದು ನೋಡಿಯೇ ತಿಳಿಯಬೇಕು. ಬದಲಿಗೆ ಹೀಗೆ: 'ಮಾರ್ಚ್ ತಿಂಗಳ ಬಿಲ್ ಮತ್ತು ತಿದ್ದಿದ ಒಪ್ಪಂದದ ಪ್ರತಿ ಲಗತ್ತಿಸಿದ್ದೇನೆ. ಒಪ್ಪಂದದ 4ನೇ ಪುಟಕ್ಕೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.' ಏನಿದೆ, ಏನು ಮಾಡಬೇಕು, ಎರಡೂ ಬಂತು.

ಜಿಮೇಲ್‌ನಲ್ಲಿ ಕಡತಗಳು 25 ಎಂಬಿ ದಾಟಿದರೆ ಲಗತ್ತಾಗಿ ಹೋಗುವುದಿಲ್ಲ, ಡ್ರೈವ್ ಲಿಂಕ್ ಆಗುತ್ತದೆ. ಆಗ 'ಲಗತ್ತಿಸಿದ್ದೇನೆ' ಅನ್ನಬೇಡಿ, 'ಕೆಳಗಿನ ಲಿಂಕ್‌ನಲ್ಲಿದೆ' ಅನ್ನಿ. ಅವರಿಗೆ ತೆರೆಯುವ ಅನುಮತಿ ಕೊಟ್ಟಿದ್ದೀರಾ ಎಂದೂ ನೋಡಿಕೊಳ್ಳಿ.

ಇನ್ನೊಂದು. 'ಲಗತ್ತಿಸಿದ್ದೇನೆ' ಎಂದು ಬರೆದು ಏನೂ ಸೇರಿಸದೆ ಕಳಿಸಿದ ಮಹಾನುಭಾವರಲ್ಲಿ ನಾನೂ ಒಬ್ಬ. ಈಗ ಮೊದಲು ಕಡತ ಸೇರಿಸುತ್ತೇನೆ, ಆಮೇಲೆ ಬರೆಯುತ್ತೇನೆ, ವಿಳಾಸ ಎಲ್ಲಕ್ಕಿಂತ ಕೊನೆಗೆ. ಆದರೂ ತಪ್ಪಿದರೆ ಉದ್ದನೆಯ ಕ್ಷಮಾಪಣೆ ಬೇಡ: 'ಹಿಂದಿನ ಮೇಲ್‌ನಲ್ಲಿ ಕಡತ ಬಿಟ್ಟುಹೋಗಿತ್ತು, ಕ್ಷಮಿಸಿ. ಈಗ ಲಗತ್ತಿಸಿದ್ದೇನೆ.'